ಐಸ್ ರೂಮಿನ ಅಣಬೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಅಣಬೆ ಅಕ್ಕ ಎಂದೇ ಕರೆಯುತ್ತಿದ್ದರು. ಕರೆಯುವವರಲ್ಲಿ ಅರ್ಧ ಜನ ಅವಳಿಗಿಂತ ದೊಡ್ಡವರು, ಆದರೂ ಅಕ್ಕ ಎನ್ನುವುದು ಅಂಟಿಕೊಂಡುಬಿಟ್ಟಿತ್ತು. ಅದಕ್ಕೆ ಕಾರಣ ಅವಳ ತಮ್ಮ. ಬೀದಿಯ ಮೂಲೆಯ ಮಾಂಸದಂಗಡಿಯಲ್ಲಿ ನಿಂತು ಅವನು ದಿನವಿಡೀ, "ಅಕ್ಕಾ, ನೀರಿನ ಪೈಪು ಬಿಡು," "ಅಕ್ಕಾ, ನಿನ್ನ ಹುಲ್ಲು ಅಂಗಡಿ ತನಕ ಹಾರಿ ಬಂದಿದೆ ನೋಡು" ಎಂದು ಹಿತ್ತಲಿಗೆ ಕೇಳುವಂತೆ ಕಿರುಚುತ್ತಿದ್ದ. ಮಾಂಸ ಕೊಳ್ಳಲು ಬಂದವರ ಬಾಯಿಗೂ ಅದೇ ಹೆಸರು ಹತ್ತಿತು.

ಕಟ್ಟಡ ಅವರಪ್ಪನದು. ಮುಂದೆ ಅಂಗಡಿ, ಹಿಂದೆ ಸಿಮೆಂಟಿನ ಅಂಗಳ, ಅಂಗಳದ ಕೊನೆಗೆ ಐಸ್ ರೂಮು. ಕಿಟಕಿಯಿಲ್ಲದ ದಪ್ಪ ಗೋಡೆ, ಒಳಗೆಲ್ಲ ತಗಡು, ಬಾಗಿಲ ಸುತ್ತ ರಬ್ಬರಿನ ಪಟ್ಟಿ. ಅಪ್ಪನ ಕಾಲದಲ್ಲಿ ಚರ್ಮ ಸುಲಿದ ಕುರಿಗಳು ಅಲ್ಲಿ ಕೊಕ್ಕೆಗಳಿಗೆ ನೇತಾಡುತ್ತಿದ್ದವು. ಅಪ್ಪ ಸತ್ತ ಮೇಲೆ ಅಂಗಡಿಯೊಳಗೇ ಹೊಸ ಫ್ರಿಜ್ಜುಗಳು ಬಂದವು, ಐಸ್ ರೂಮಿನ ಮೆಷಿನ್ನು ಕೆಟ್ಟು ಕೂತಿತು. ಪಾಲು ಮಾಡುವಾಗ ಅಂಗಡಿ ತಮ್ಮನಿಗೆ, ಐಸ್ ರೂಮು ಅಕ್ಕನಿಗೆ ಎಂದಾಯಿತು. ಕೆಲಸಕ್ಕೆ ಬಾರದ್ದನ್ನು ಹೆಣ್ಣುಮಗಳಿಗೆ ಧಾರಾಳವಾಗಿ ಕೊಡುವುದರಲ್ಲಿ ಯಾವ ಮನೆಯವರೂ ಹಿಂದೆ ಬೀಳುವುದಿಲ್ಲ.

ಅಕ್ಕ ಎದುರಾಡಲಿಲ್ಲ. ಕೊಕ್ಕೆಗಳನ್ನು ತಿಕ್ಕಿ ತೊಳೆದಳು, ಅವಕ್ಕೆ ಅಣಬೆಯ ಚೀಲಗಳನ್ನು ನೇತುಹಾಕಿದಳು. ಕೆಲಸ ಹೇಳಿಕೊಳ್ಳುವಷ್ಟು ಕಷ್ಟದ್ದಲ್ಲ, ಆದರೆ ಚೊಕ್ಕಟವಾಗಿ ಮಾಡಬೇಕು. ಹೊಲದವರು ಸುಟ್ಟುಹಾಕುವ ಹುಲ್ಲನ್ನು ತಂದು ಕತ್ತರಿಸಿ, ಅಂಗಳದ ಡ್ರಮ್ಮಿನಲ್ಲಿ ಬಿಸಿನೀರಿಗೆ ಹಾಕಿ, ನೀರು ಬಸಿದು, ಒಂದು ಪದರ ಹುಲ್ಲು, ಒಂದು ಹಿಡಿ ಅಣಬೆ ಬೀಜ, ಮತ್ತೆ ಹುಲ್ಲು ಎಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಬೇಕು. ಬಳಿಕ ಆ ಚೀಲಗಳು ಕತ್ತಲಲ್ಲಿ ತೂಗಬೇಕು. ಒಳಗೆ ಬಿಳಿ ನೂಲು ಹರಡಿ ಇಡೀ ಚೀಲ ಹಾಲಿನ ಬಣ್ಣಕ್ಕೆ ತಿರುಗುವ ತನಕ ಬಾಗಿಲು ತೆಗೆಯುವ ಹಾಗಿಲ್ಲ. ಆಮೇಲೆ ಅವನ್ನು ಅಂಗಳದ ಚಪ್ಪರಕ್ಕೆ ತಂದು, ಸೀಳಿ, ನೀರು ಚಿಮುಕಿಸಿದರೆ ಸೀಳಿನಿಂದ ಅಣಬೆ ಕಿವಿ ಚಾಚುತ್ತದೆ.

ಒಂದು ವಿಷಯ ಮಾತ್ರ ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಅಣಬೆ ಗಿಡವಲ್ಲ. ಅದೂ ನಮ್ಮ ಹಾಗೇ ಗಾಳಿಯ ಸತ್ವ ಎಳೆದುಕೊಂಡು ಕೆಟ್ಟ ಉಸಿರು ಬಿಡುತ್ತದೆ. ಅದಕ್ಕೇ ಕತ್ತಲ ಕೋಣೆಗೂ ಗಾಳಿಯಾಡಬೇಕು. ಮೆಷಿನ್ನಿನ ಪೈಪು ಹೋಗುತ್ತಿದ್ದ ಗೋಡೆಯ ತೂತಿಗೆ ಅವಳು ಒಂದು ಫ್ಯಾನು ಕೂರಿಸಿದ್ದಳು. ಕೆಳಗೆ ಗಾಳಿ ಒಳಬರಲು ಇನ್ನೊಂದು ತೂತು ಕೊರೆಸಿದ್ದಳು. ಎರಡೂ ತೆರೆದುಕೊಳ್ಳುತ್ತಿದ್ದದ್ದು ಅಂಗಡಿಯ ಪಕ್ಕದ ಓಣಿಗೆ. ಫ್ಯಾನು ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಆ ಸದ್ದು ಕೇಳುತ್ತಿದ್ದರೆ ಅವಳಿಗೆ ನೆಮ್ಮದಿ.

ಇನ್ನು ಆ ಬಾಗಿಲ ಚಿಲಕದ ಕಥೆ. ಅಪ್ಪ ಹೊಡೆಯುವವನು. ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ, ಹೊಡೆದು ಕೈ ಸೋತ ಮೇಲೆ ಮಕ್ಕಳ ರಟ್ಟೆ ಹಿಡಿದು ಐಸ್ ರೂಮಿಗೆ ತಳ್ಳಿ, "ತಣ್ಣಗಾಗೋ ತನಕ ಅಲ್ಲೇ ಬಿದ್ದಿರು" ಎಂದು ಹೊರಗಿನ ಚಿಲಕ ಜಡಿಯುತ್ತಿದ್ದ. ಅಂಥ ಕೋಣೆಗೆ ಒಳಗಿನಿಂದ ತೆಗೆಯಲು ಒಂದು ಹಿಡಿ ಇರುತ್ತದೆ, ಕೆಲಸದವರು ಸಿಕ್ಕಿಹಾಕಿಕೊಂಡರೆ ಇರಲಿ ಎಂದು. ಒಂದು ಸಲ ತಮ್ಮ ಅದನ್ನು ತಿರುಗಿಸಿ ಹೊರಗೆ ಬಂದಿದ್ದಕ್ಕೆ ಅಪ್ಪ ಆ ಹಿಡಿಯನ್ನೇ ಕಿತ್ತುಹಾಕಿದ. ಒಳಗೆ ತಮ್ಮನಿದ್ದರೆ ಅಕ್ಕ ಹೊರಗೆ ಬಾಗಿಲಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಅಕ್ಕ ಒಳಗಿದ್ದರೆ ತಮ್ಮ. ಒಳಗಿನವರು ಎರಡು ಸಲ ಬಡಿದು ನಿಲ್ಲಿಸಿ ಮತ್ತೊಂದು ಸಲ ಬಡಿಯಬೇಕು, ಹೊರಗಿನವರು ಒಂದು ಸಲ ಬಡಿದು ನಿಲ್ಲಿಸಿ ಎರಡು ಸಲ. ನಾನಿದ್ದೀನಿ ಎಂದು ಅದರ ಅರ್ಥ. ಒಳಗಿನ ಬಡಿತ ನಿಂತರೆ ಹೊರಗಿನವರು ಬೀದಿಗೆಲ್ಲ ಕೇಳುವಂತೆ ಅಮ್ಮನನ್ನು ಕೂಗಬೇಕು, ಅಪ್ಪ ಮೂಳೆ ಮುರಿದರೂ ಸರಿಯೇ. ಆ ಮಾತಿಗೆ ಇಬ್ಬರೂ ಒಮ್ಮೆಯೂ ತಪ್ಪಿರಲಿಲ್ಲ.

ಐಸ್ ರೂಮು ತನ್ನ ಪಾಲಿಗೆ ಬಂದ ದಿನವೇ ಅಕ್ಕ ತನಗೆ ತಾನೇ ಆಣೆ ಹಾಕಿಕೊಂಡಿದ್ದಳು, ಇನ್ನು ಈ ಚಿಲಕ ಮನುಷ್ಯರ ಮೇಲೆ ಬೀಳುವುದಿಲ್ಲ ಎಂದು. ಒಳಗಿನ ಹಿಡಿ ಹಾಕಿಸಬೇಕು ಎಂದುಕೊಂಡವಳು ಇವತ್ತು ನಾಳೆ ಎಂದು ಮುಂದಕ್ಕೆ ಹಾಕುತ್ತ ಬಂದಳು. ಒಳಗೆ ಹೋಗುವಾಗ ಬಾಗಿಲಿಗೆ ಒಂದು ಕಲ್ಲು ಒತ್ತಿಟ್ಟರೆ ಸಾಕಾಗುತ್ತಿತ್ತು.

ಬೀದಿಯಲ್ಲಿ ಅಣಬೆಗೆ ಬೆಲೆ ಬಂದದ್ದು ಆಸ್ಪತ್ರೆಯ ಅಡುಗೆಯಮ್ಮನಿಂದ. ಎದುರಿನ ಆಸ್ಪತ್ರೆಯ ಅಡುಗೆಮನೆ ಅವಳ ಸಾಮ್ರಾಜ್ಯ. ಡಾಕ್ಟರುಗಳೂ ಅವಳಿಗೆ ಹೆದರುತ್ತಿದ್ದರು. "ಎಲ್ಲಿಂದಲೋ ಲಾರೀಲಿ ಐಸ್ ಮೇಲೆ ಮಲಗಿ ಬರೋ ಮಾಂಸ ದಿನಾ ಯಾಕಪ್ಪ? ರಸ್ತೆ ದಾಟಿದ್ರೆ ಬೆಳಿಗ್ಗೆ ಕಿತ್ತ ಅಣಬೆ ಸಿಗುತ್ತೆ. ನಾಲ್ಕು ಬಕೆಟ್ ನೀರು, ಬೇಡದ ಹುಲ್ಲು, ಅಷ್ಟೇ ಅದರ ಖರ್ಚು. ತಿಂದು ಮಿಕ್ಕ ಹುಲ್ಲು ಹಾಲಿನವನ ತೋಟಕ್ಕೆ ಗೊಬ್ಬರ," ಎಂದು ಅವಳು ಭಾಷಣವನ್ನೇ ಬಿಗಿಯುತ್ತಿದ್ದಳು. ವಾರದ ಅರ್ಧದಷ್ಟು ದಿನ ಆಸ್ಪತ್ರೆಯಲ್ಲಿ ಮಾಂಸದ ಬದಲು ಅಣಬೆ ಎಂದಾಯಿತು. ಅವಳನ್ನು ನೋಡಿ ಶಾಲೆಯವರು, ಶಾಲೆಯವರನ್ನು ನೋಡಿ ಬೀದಿಯವರು. ತಮ್ಮನ ಅಂಗಡಿಯ ಮುಂದೆ ನಿಂತ ಜನ ಅಲ್ಲಿ ಅರ್ಧ ಕೊಂಡು, ಉಳಿದರ್ಧಕ್ಕೆ ಹಿಂದಿನ ಅಂಗಳಕ್ಕೆ ಬರತೊಡಗಿದರು.

ತಮ್ಮನಿಗೆ ಇದು ಹೊಟ್ಟೆಗಿಂತ ಮೂಗಿಗೆ ಜಾಸ್ತಿ ತಾಗಿತು. "ಕೊಳೆತ ಹುಲ್ಲಿನ ಮೇಲೆ ಹುಟ್ಟೋದನ್ನ ತಿಂತಾರಂತೆ, ಥೂ" ಎಂದು ಬಂದವರ ಮುಂದೆಲ್ಲ ಉಗಿಯುತ್ತಿದ್ದ. ತನ್ನ ಮನೆಯಲ್ಲಿ ಅದರ ಹೆಸರೆತ್ತಕೂಡದು ಎಂದು ಅಪ್ಪಣೆ ಮಾಡಿದ್ದ. ಅವನ ಹೆಂಡತಿ ಬಡಪಾಯಿಯಂತೆ ಕಂಡರೂ ಒಳಗೊಳಗೇ ಕಿಲಾಡಿ. ಒಂದು ದಿನ ಅಣಬೆಯನ್ನು ಈರುಳ್ಳಿ, ಮೆಣಸಿನ ಜೊತೆ ಕಪ್ಪಗೆ ಹುರಿದು ಬಡಿಸಿದಳು. ಅವನು ತಟ್ಟೆ ನೆಕ್ಕಿ, "ಇದು ತೊಡೆದೋ, ಬೆನ್ನಿಂದೋ?" ಎಂದು ಕೇಳಿದನಂತೆ. ಅವಳು ಬೆನ್ನಿನದು ಎಂದಳಂತೆ. ನಗು ತಡೆಯಲಾರದೆ ಈ ಸುದ್ದಿಯನ್ನು ಅತ್ತಿಗೆಯ ಕಿವಿಗೆ ಹಾಕಿದಳು. ಅತ್ತಿಗೆ, ಅಂದರೆ ನಮ್ಮ ಅಕ್ಕ, ಅದನ್ನು ಅಡುಗೆಯಮ್ಮನಿಗೆ ಹೇಳಿದಳು. ಹೇಳಬಾರದಿತ್ತು. ಅಡುಗೆಯಮ್ಮನ ಹೊಟ್ಟೆಯಲ್ಲಿ ಬಿಸಿ ಗಂಜಿಯೂ ನಿಲ್ಲುತ್ತಿರಲಿಲ್ಲ, ಇನ್ನು ಮಾತು ನಿಲ್ಲುತ್ತದೆಯೇ?

ಆವತ್ತು ಬೆಳಿಗ್ಗೆ ಅಂಗಡಿಯ ಮುಂದೆ ಜನ ಜಮಾಯಿಸಿದ್ದರು. ಒಳಗೆ ತಮ್ಮನ ಪಕ್ಕದಲ್ಲಿ ಅವನ ಹೆಂಡತಿ ಪೊಟ್ಟಣ ಕಟ್ಟುತ್ತಿದ್ದಳು. ಅಕ್ಕ ಅಂಗಳದಲ್ಲಿ ಡ್ರಮ್ಮಿನಿಂದ ಬಿಸಿ ಹುಲ್ಲನ್ನು ಕೋಲಿನಿಂದ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಅಂಗಡಿಯ ಹಿಂಬಾಗಿಲು ತೆರೆದಿತ್ತು, ಮಾತೆಲ್ಲ ಕೇಳುತ್ತಿತ್ತು. ಅಡುಗೆಯಮ್ಮ ಮಾಂಸ ಕಡಿಮೆ ಸಾಕು ಎಂದಳು. ತಮ್ಮ ಕೊಳೆತ ಹುಲ್ಲಿನ ಮಾತು ತೆಗೆದ.

"ಅಯ್ಯೋ ಸುಮ್ನಿರಪ್ಪ," ಎಂದಳು ಅಡುಗೆಯಮ್ಮ, ಹಿಂದೆ ನಿಂತವರಿಗೂ ಕೇಳುವಂತೆ. "ತಟ್ಟೆ ನೆಕ್ಕಿ ತೊಡೆದೋ ಬೆನ್ನಿಂದೋ ಅಂತ ಕೇಳ್ದವನು ನೀನೇ ಅಲ್ವಾ? ಇಷ್ಟು ವರ್ಷ ಕಡಿದೂ ನಿನಗೆ ಕುರಿ ಯಾವುದು ಅಣಬೆ ಯಾವುದು ಗೊತ್ತಾಗ್ಲಿಲ್ವಲ್ಲೋ!"

ಜನ ಬಿದ್ದು ಬಿದ್ದು ನಕ್ಕರು. ಅಕ್ಕನೂ ಅಂಗಳದಲ್ಲಿ ನಕ್ಕಳು. ಆಮೇಲೆ ನಗು ಒಮ್ಮೆಲೇ ನಿಂತಿತು. ಕೆನ್ನೆಗೆ ಬಿದ್ದ ಏಟಿನ ಸದ್ದು ಕೇಳಿತು, ಮತ್ತೊಂದು ಕೇಳಿತು, ಏನೋ ಭಾರವಾದದ್ದು ಕೊರಡಿಗೆ ಬಡಿಯಿತು. ಆ ಸದ್ದು ಅಕ್ಕನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಮಾಂಸ ಕಡಿಯುವ ಆ ಕೊರಡಿಗೆ ಅವಳ ತಲೆಯೂ ಬಡಿದಿತ್ತು.

ಕೋಲು ಎಸೆದು ಓಡುವಷ್ಟರಲ್ಲಿ ತಮ್ಮ ಹೆಂಡತಿಯನ್ನು ಕೂದಲು ಹಿಡಿದು ಅಂಗಳಕ್ಕೇ ಎಳೆದು ತಂದ. ಅವಳ ಹಣೆ ಒಡೆದು ರಕ್ತ ಹುಬ್ಬಿನಿಂದ ಕಣ್ಣಿಗೆ ಇಳಿಯುತ್ತಿತ್ತು. ಅಂಗಡಿಯ ಮುಂದಿನ ಜನ ಮೆಲ್ಲಗೆ ಜಾಗ ಖಾಲಿ ಮಾಡಿದರು. ಮೊದಲು ಕಂಬಿ ಕಿತ್ತವಳು ಅಡುಗೆಯಮ್ಮ.

"ಬಿಡೋ! ಬಿಡೋ ಅವಳ್ನ!" ಅಕ್ಕ ಅವನ ಕೈಗೆ ಜೋತುಬಿದ್ದಳು.

"ಬೀದೀಲಿ ನನ್ನ ಮಾನ ಹರಾಜು ಹಾಕ್ತೀರಾ? ಇಬ್ರೂ ಸೇರ್ಕೊಂಡು?" ಎಂದವನೇ ಮೊಣಕೈ ಬೀಸಿದ. ಅಕ್ಕನ ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಬಾಯಿ ತುಂಬ ಉಪ್ಪು. ಅವಳು ಬಿಡಲಿಲ್ಲ, ಅವನ ಮುಂಗೈ ಕಚ್ಚಿದಳು. ಅವನು ಕೂದಲು ಬಿಟ್ಟ. ಅವನ ಹೆಂಡತಿ ನೆಲಕ್ಕೆ ಬಿದ್ದು, ತೆವಳುತ್ತ ಡ್ರಮ್ಮಿನ ಹಿಂದೆ ಸೇರಿದಳು.

ಅಕ್ಕ ಆಗ ತಮ್ಮನ ಮುಖ ನೋಡಿದಳು. ಕಣ್ಣಿನ ಬಿಳಿಯೆಲ್ಲ ಕೆಂಪಾಗಿತ್ತು, ಕೆಳದವಡೆ ಮುಂದೆ ಬಂದಿತ್ತು. ಅಪ್ಪನೇ ಎದ್ದು ಬಂದು ನಿಂತ ಹಾಗಿತ್ತು. ಅವಳಿಗೆ ಹೆದರಿಕೆಗಿಂತ ಹೆಚ್ಚಾಗಿ ಅಸಹ್ಯವಾಯಿತು.

"ಥೇಟ್ ಅಪ್ಪ," ಎಂದಳು, ರಕ್ತ ಉಗಿದು.

ಆ ಮಾತೊಂದನ್ನು ಅವನು ತಡೆದುಕೊಳ್ಳಲಾರದವನು. ಅಂಗಡಿಗೆ ನುಗ್ಗಿ ಮೂಳೆ ಕಡಿಯುವ ಮಚ್ಚು ಹಿಡಿದು ಬಂದ. ಅಕ್ಕನ ಕಡೆ ಬರಲಿಲ್ಲ. ಮೊದಲು ಚಪ್ಪರಕ್ಕೆ ನುಗ್ಗಿದ, ಕೊಯ್ಲಿಗೆ ಬಂದಿದ್ದ ಚೀಲಗಳನ್ನು ಕಡಿದ. ಅಣಬೆಯ ಗೊಂಚಲುಗಳು ನೆಲಕ್ಕೆ ಉದುರಿದವು, ಅವನ್ನು ಬೂಟುಗಾಲಿನಲ್ಲಿ ತುಳಿದ. ಸಾಲದೆಂದು ಐಸ್ ರೂಮಿನ ಚಿಲಕ ತೆಗೆದು ಬಾಗಿಲು ಎಳೆದ, ತೆರೆದ ಬಾಗಿಲಿಗೆ ತಾನೇ ಕಾಲಿನಿಂದ ಕಲ್ಲು ತಳ್ಳಿ ಒಳಗೆ ಹೋದ. ಕೋಪದ ಉರಿಯಲ್ಲೂ ಆ ಬಾಗಿಲಿಗೆ ಕಲ್ಲು ಇಡುವುದನ್ನು ಅವನು ಮರೆಯಲಿಲ್ಲ.

"ಬೇಡ ಕಣೋ, ಇನ್ನೂ ನೂಲು ಹಿಡೀತಿದೆ, ಬೆಳಕು ಬಿಡಬೇಡ!" ಅಕ್ಕ ಹೊಸ್ತಿಲಿಗೆ ಓಡಿದಳು.

ಒಳಗಿನ ಗಾಳಿ ಮುಖಕ್ಕೆ ಬಡಿಯಿತು. ಇರಬೇಕಾದ್ದಕ್ಕಿಂತ ಬೆಚ್ಚಗಿತ್ತು, ಹುಳಿಯಾಗಿತ್ತು, ಮೂಗಿನ ಒಳಗೆ ಚುರುಗುಟ್ಟಿತು. ಬೇರೆ ಯಾವ ದಿನವಾಗಿದ್ದರೂ ಅವಳು ಅಲ್ಲೇ ನಿಂತು, ಇದೇನಿದು ಎಂದು ಯೋಚಿಸುತ್ತಿದ್ದಳು. ಆದರೆ ತಮ್ಮ ಮೊದಲ ಚೀಲವನ್ನು ಆಗಲೇ ಸೀಳಿದ್ದ. ಬಿಳಿ ನೂಲು ಹಿಡಿದ ಹುಲ್ಲು ಕರುಳಿನ ಹಾಗೆ ಹೊರಗೆ ಬಿತ್ತು. ಎರಡನೆಯದಕ್ಕೆ ಮಚ್ಚು ಎತ್ತಿದ. ಅವನು ಒರಟಾಗಿ ಕಡಿಯುವವನಲ್ಲ. ಮೂಳೆಗೆ ಹೊಡೆಯಬೇಡ, ಕೀಲಿಗೆ ಹೊಡಿ ಎಂದು ಅಪ್ಪ ಬೆನ್ನಿಗೆ ಬಾರಿಸುತ್ತ ಕಲಿಸಿದ್ದು ಅವನ ಕೈಯಲ್ಲಿ ಕೂತಿತ್ತು. ಚೀಲ ಕಟ್ಟಿದ ದಾರದ ಗಂಟಿಗೇ ಒಂದು ಏಟು, ಇಡೀ ಚೀಲ ಧೊಪ್ಪೆಂದು ನೆಲಕ್ಕೆ.

ಅಕ್ಕ ಹಿಂದಿನಿಂದ ಅವನ ಸೊಂಟ ಹಿಡಿದಳು. ಅವನು ತಿರುಗಿ ಮಚ್ಚಿನ ಚಪ್ಪಟೆ ಭಾಗದಿಂದ ಅವಳ ಹೆಗಲಿಗೆ ಬಾರಿಸಿದ. ಎಡಗೈ ಇಡಿಯಾಗಿ ಸತ್ತುಹೋಯಿತು. ಅವಳು ಹೊಸ್ತಿಲಾಚೆ ಬೆನ್ನು ಕೆಳಗಾಗಿ ಬಿದ್ದಳು. ಬಿದ್ದಲ್ಲಿಂದ ನೋಡಿದರೆ ಅವನು ಏದುಸಿರು ಬಿಡುತ್ತ, ಡ್ರಮ್ಮಿನ ಹಿಂದೆ ಮುದುಡಿ ಕೂತಿದ್ದ ಹೆಂಡತಿಯ ಕಡೆ ಮಚ್ಚು ತೋರಿಸುತ್ತ, "ನಿಂಗೂ ಇದೆ, ತಡಿ," ಎನ್ನುತ್ತಿದ್ದ.

ಮುಂದೆ ನಡೆದದ್ದಕ್ಕೆ ಅವಳ ತಲೆ ಅಪ್ಪಣೆ ಕೊಡಲಿಲ್ಲ, ಕಾಲು ಕೊಟ್ಟಿತು. ಮಲಗಿದ್ದಲ್ಲಿಂದಲೇ ಕಲ್ಲನ್ನು ಒದ್ದಳು, ಎದ್ದು ಬಲಹೆಗಲಿನಿಂದ ಬಾಗಿಲನ್ನು ತಳ್ಳಿದಳು. ರಬ್ಬರು ಚಪ್ ಎಂದು ಕಚ್ಚಿಕೊಂಡಿತು. ಚಿಲಕ ಜಡಿದಳು.

"ತಣ್ಣಗಾಗೋ ತನಕ ಅಲ್ಲೇ ಬಿದ್ದಿರು!" ಎಂದು ಅರಚಿದಳು.

ಅರಚಿದ ಮೇಲೆ ಆ ಮಾತು ಯಾರದ್ದೆಂದು ಅವಳಿಗೆ ಹೊಳೆಯದೆ ಇರಲಿಲ್ಲ. ಅಪ್ಪನ ಕೈ ತಮ್ಮನಿಗೆ ಬಂದಿತ್ತು, ಅಪ್ಪನ ಚಿಲಕ ಅವಳ ಪಾಲಿಗೆ ಬಂದಿತ್ತು. ಆದರೆ ಆ ಗಳಿಗೆಯಲ್ಲಿ ಅವಳಿಗೆ ಕಿಂಚಿತ್ತೂ ನಾಚಿಕೆಯಾಗಲಿಲ್ಲ. ಹಾಯೆನಿಸಿತು. ಆಣೆಯನ್ನೆಲ್ಲ ಗಾಳಿಗೆ ತೂರಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಒಳಗಿನಿಂದ ಮಚ್ಚು ತಗಡಿಗೆ ಬಡಿಯುವ ಧಣಾರ್ ಧಣಾರ್ ಸದ್ದನ್ನು ಬೆನ್ನುಮೂಳೆಯಲ್ಲೇ ಕೇಳಿಸಿಕೊಂಡಳು. ಬಾಗಿಲು ಅಲ್ಲಲ್ಲಿ ಹೊರಕ್ಕೆ ಉಬ್ಬಿತು. ಮುರಿಯಲಿಲ್ಲ.

"ಅತ್ತಿಗೆ, ಬಿಡಬೇಡಿ," ಎಂದಳು ಡ್ರಮ್ಮಿನ ಹಿಂದಿನಿಂದ ತಮ್ಮನ ಹೆಂಡತಿ. "ಈಗಲೇ ಬಿಡಬೇಡಿ."

"ಬಿಡಲ್ಲ. ಮೆಷಿನ್ನು ಕೆಟ್ಟು ಯಾವ ಕಾಲ ಆಯ್ತು, ಹೆಪ್ಪುಗಟ್ಟಿ ಸಾಯಲ್ಲ. ಫ್ಯಾನಿದೆ, ಗಾಳಿಗೇನೂ ಬರ ಇಲ್ಲ. ಕೂತಿರಲಿ."

ಅಕ್ಕ ನಲ್ಲಿಯ ಕೆಳಗೆ ಬಟ್ಟೆ ನೆನೆಸಿ ತಂದು ಅವಳ ಹಣೆ ಒರೆಸಿದಳು. ಗಾಯ ಆಳವಾಗಿತ್ತು, ಒತ್ತಿ ಹಿಡಿದಷ್ಟೂ ಬಟ್ಟೆ ಕೆಂಪಾಗುತ್ತಿತ್ತು. ಒಳಗೆ ಮಚ್ಚಿನ ಸದ್ದು ನಿಂತು ಬೈಗುಳ ಶುರುವಾಯಿತು. ಕಿವಿ ಮುಚ್ಚಿಕೊಳ್ಳುವಂಥ ಬೈಗುಳ. ನಡುನಡುವೆ ಕೆಮ್ಮು. ಆಮೇಲೆ ಬೈಗುಳವೂ ಕಡಿಮೆಯಾಯಿತು.

"ಅಕ್ಕಾ," ಎಂದು ಕೂಗಿದ. ಬಾಗಿಲಿನಾಚೆಯಿಂದ ಅದು ಬಾವಿಯೊಳಗಿನ ಕೂಗಿನಂತೆ ಬಂತು. "ಅಕ್ಕಾ, ತೆಗಿ. ತಲೆ ಸಿಡೀತಿದೆ."

"ಸಿಡೀಲಿ. ಇವಳ ತಲೇನೂ ಸಿಡಿದಿದೆ."

"ಉಸಿರು ಕಟ್ತಿದೆ ಅಕ್ಕಾ."

"ಅಷ್ಟು ಕಿರುಚಿದ್ರೆ ಕಟ್ಟದೆ ಇನ್ನೇನು? ಸುಮ್ನೆ ಕೂತ್ಕೊ."

ಆಮೇಲೆ ಬಾಗಿಲ ಕೆಳಭಾಗದಲ್ಲಿ, ಕೂತವರ ಕೈಗೆ ಎಟಕುವ ಎತ್ತರದಲ್ಲಿ, ಬಡಿತ ಕೇಳಿತು. ಎರಡು ಸಲ ಬಡಿದು ನಿಂತಿತು. ಮತ್ತೊಂದು ಸಲ ಬಡಿಯಿತು.

ಅಕ್ಕನ ಕೈ ಬಟ್ಟೆಯ ಮೇಲೇ ನಿಂತಿತು. ಎಷ್ಟೋ ವರ್ಷಗಳಾಗಿದ್ದವು ಆ ಬಡಿತ ಕೇಳಿ. ಬಲಗೈಯ ಬೆರಳುಗಳು ತಾವಾಗಿಯೇ ಮಡಿಚಿಕೊಂಡವು. ಮತ್ತೆ ಅದೇ ಬಡಿತ. ಇನ್ನೊಮ್ಮೆ. ಅವಳು ಬಾಗಿಲ ತನಕ ಹೋದಳು. ಒಂದು ಸಲ ಬಡಿದು, ನಿಲ್ಲಿಸಿ, ಎರಡು ಸಲ ಬಡಿದಿದ್ದರೆ ಸಾಕಿತ್ತು. ಆದರೆ ಹೆಗಲು ಉರಿಯುತ್ತಿತ್ತು, ತುಟಿ ಊದಿ ಮೂಗಿಗೆ ತಾಗುತ್ತಿತ್ತು, ಚಪ್ಪರದ ಕೆಳಗೆ ತಿಂಗಳ ದುಡಿಮೆ ಬೂಟಿನ ಗುರುತು ಹೊತ್ತು ಬಿದ್ದಿತ್ತು. ಈಗ ಬೇಕಾಯ್ತೇನೋ ಅಕ್ಕ ಎನಿಸಿತು. ಮಡಿಚಿದ ಬೆರಳು ಬಿಚ್ಚಿದಳು.

"ಬಡ್ಕೋ," ಎಂದಳು, ತಿರುಗಿ ಬಂದು ಕೂತಳು.

ಬಡಿತ ಹಾಗೇ ಬಂತು, ಮೊದಲಿಗಿಂತ ಮೆಲ್ಲಗೆ. ಎರಡು ಬಡಿತದ ಮಧ್ಯೆ ಹೊತ್ತು ಹಿಡಿಯತೊಡಗಿತು. ಒಮ್ಮೆ ಎರಡು ಸಲ ಬಡಿದು, ಮೂರನೆಯದು ಬರಲೇ ಇಲ್ಲ.

"ತಣ್ಣಗಾದ ನೋಡು," ಎಂದಳು ಅಕ್ಕ.

ತಮ್ಮನ ಹೆಂಡತಿ ತಲೆಯಾಡಿಸಿದಳು. ಅವಳ ಕಣ್ಣು ಬಾಗಿಲ ಮೇಲೇ ಇತ್ತು. ಹೊಡೆದವನಾದರೂ ಗಂಡ ಎಂಬ ಕರಕರೆಯೋ, ಹೊರಗೆ ಬಂದರೆ ಮತ್ತೆ ಹೊಡೆಯುತ್ತಾನೆಂಬ ಭಯವೋ, ಅವಳಿಗೇ ಗೊತ್ತಿರಲಿಲ್ಲ. "ಒಳಗೆ ಸೆಕೆ ಜಾಸ್ತಿ ಆಗಿರುತ್ತೆ ಅತ್ತಿಗೆ," ಎಂದಳು. "ಆ ತೂತುಗಳನ್ನೂ ಇವರು ಮುಚ್ಚಿಬಿಟ್ಟಿದ್ದಾರಲ್ಲ."

"ಯಾವ ತೂತು?"

"ಓಣಿ ಕಡೇವು. ಫ್ಯಾನಿಂದೂ, ಕೆಳಗಿಂದೂ. ಮೊನ್ನೆನೇ. ಅಣಬೆ ವಾಸನೆ ಮಾಂಸಕ್ಕೆ ಹತ್ತುತ್ತೆ ಅಂತ ಗೋಣಿ ತುರುಕಿದ್ರು. ಮಾವನವರು ಮಾಡ್ತಿದ್ರಂತಲ್ಲ, ಕೊಬ್ಬು ಸವರಿ, ಐಸಿನ ತಂಪು ಹೊರಗೆ ಹೋಗದ ಹಾಗೆ. ಹಾಗೇ ಗಟ್ಟಿ ತುರುಕಿದ್ರು. ನಾನೂ ಸುಮ್ನಿದ್ದೆ. ಬೆಳೆಯೋದು ತಾನೇ, ಗಿಡದ ಹಾಗೆ ಗಾಳಿ ಒಳ್ಳೇದೇ ಕೊಡುತ್ತೆ ಅಂತ..."

ಫ್ಯಾನು ಗುಂಯ್ ಎನ್ನುತ್ತಲೇ ಇತ್ತು. ಗೋಣಿಯ ಹಿಂದೆ, ಸುಮ್ಮನೆ, ಅದೇ ಗಾಳಿಯನ್ನೇ ಸುತ್ತಿಸುತ್ತ. ಎರಡು ದಿನ ಆ ಕೋಣೆ ತುಂಬ ಚೀಲಗಳು ಉಸಿರಾಡಿದ್ದವು. ಬೆಚ್ಚಗಿನ ಹುಳಿ ಗಾಳಿ ಮುಖಕ್ಕೆ ಬಡಿದದ್ದು, ಮೂಗು ಚುರುಗುಟ್ಟಿದ್ದು, ತಲೆ ಸಿಡಿಯುತ್ತಿದೆ ಎಂದದ್ದು, ಬಡಿತ ನಿಂತದ್ದು. ಬಡಿತ ನಿಂತರೆ ಏನು ಮಾಡಬೇಕೆಂದು ಅವಳಿಗೆ ಚಿಕ್ಕಂದಿನಿಂದಲೂ ಗೊತ್ತಿತ್ತು.

ಅಕ್ಕ ಕೂಗಿದ ಕೂಗಿಗೆ ಎದುರಿನ ಆಸ್ಪತ್ರೆಯ ಕಿಟಕಿಗಳು ತೆರೆದವು.

ಚಿಲಕ ಹಿಡಿದು ಎಳೆದಳು. ಬರಲಿಲ್ಲ. ಒಳಗಿನ ಏಟುಗಳಿಗೆ ತಗಡು ಉಬ್ಬಿ ಚಿಲಕದ ಸಲಾಕೆ ಸೊಟ್ಟಗಾಗಿ ಕಚ್ಚಿಕೊಂಡಿತ್ತು. ಎಡಗೈ ಏಳುತ್ತಿರಲಿಲ್ಲ. ಬಾಗಿಲಿಗೆ ಇಡುತ್ತಿದ್ದ ಅದೇ ಕಲ್ಲನ್ನು ಬಲಗೈಯಲ್ಲಿ ಎತ್ತಿ ಸಲಾಕೆಯ ತುದಿಗೆ ಜಜ್ಜಿದಳು. ಕಲ್ಲು ಜಾರಿ ಹೆಬ್ಬೆರಳಿನ ಉಗುರು ಕಿತ್ತುಬಂತು. ಮತ್ತೆ ಜಜ್ಜಿದಳು. ತಮ್ಮನ ಹೆಂಡತಿ ಹಣೆಯ ಬಟ್ಟೆ ಎಸೆದು ಬಂದು ಹುಲ್ಲು ಎತ್ತುವ ಕೋಲನ್ನು ಸಂದಿಗೆ ತೂರಿಸಿ ಮೀಟಿದಳು. ಇಬ್ಬರ ರಕ್ತವೂ ಬಾಗಿಲ ಮೇಲೆ ಕೈಗುರುತುಗಳಾಗಿ ಮೂಡಿತು. ಸಲಾಕೆ ಕಿರ್ರೆಂದು ಹೊರಳಿತು.

ಬಾಗಿಲಿಗೆ ಆತುಕೊಂಡಿದ್ದವನು ಹೊಸ್ತಿಲ ಮೇಲೆ ಮೂಟೆಯಂತೆ ಉರುಳಿದ. ಮುಖ ಕಪ್ಪುಗೆಂಪಾಗಿತ್ತು, ಬಾಯಂಚಿನಲ್ಲಿ ನೊರೆ. ಬಲಗೈ ಇನ್ನೂ ಮುಷ್ಟಿಯಾಗಿತ್ತು, ಗೆಣ್ಣುಗಳ ಚರ್ಮ ಸುಲಿದಿತ್ತು.

ಇಬ್ಬರೂ ಒಂದೊಂದು ಕಾಲು ಹಿಡಿದು ಅವನನ್ನು ಅಂಗಳದ ನಡುವಿಗೆ ಎಳೆದರು. ಅಕ್ಕ ಅವನ ಎದೆಯ ಮೇಲೆ ಗುದ್ದಿದಳು. "ಏಳೋ! ಏಳೋ ಪಾಪಿ, ಉಸಿರಾಡೋ!" ಅವನ ಹೆಂಡತಿ ಕೆನ್ನೆಗೆ ಬಾರಿಸಿದಳು. ಎಬ್ಬಿಸಲು ಬೇಕಾದ್ದಕ್ಕಿಂತ ಜೋರಾಗಿಯೇ ಬಾರಿಸಿದಳು, ಎರಡೂ ಕೆನ್ನೆಗೆ, ಹಲ್ಲು ಕಚ್ಚಿಕೊಂಡು, ಬರಬೇಕಾದ ಬಾಕಿಯೆಲ್ಲ ಅಲ್ಲೇ ತೀರಿಸಿಕೊಳ್ಳುವವಳಂತೆ. ಅಕ್ಕ ಅವಳನ್ನು ತಡೆಯಲಿಲ್ಲ. ಅಕ್ಕನಿಗೆ ಬೇಕಾದದ್ದು ಒಂದೇ ಉಸಿರು, ಅದು ಯಾರ ಏಟಿಗೆ ಬಂದರೂ ಸರಿ.

ಕೊನೆಗೆ ಅದು ಬಂತು. ಹರಿದ ತಿದಿಯಂತೆ ಗೊರ್ರೆಂದು ಎಳೆದುಕೊಂಡ, ಕೆಮ್ಮಿದ, ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡ. ಅಕ್ಕ ಅವನ ಬಾಯಿ ಒರೆಸಲೆಂದು ಕೈ ಚಾಚಿದಳು. ಅವನ ಎರಡೂ ತೋಳು ಸರಕ್ಕನೆ ಮೇಲೆದ್ದು ತಲೆಯನ್ನು ಮುಚ್ಚಿಕೊಂಡವು. ಮೊಣಕಾಲು ಹೊಟ್ಟೆಗೆ ಸೇರಿತು. ಅಪ್ಪನ ಬೆಲ್ಟಿನ ಕೆಳಗೆ ಅವನು ಹಾಗೇ ಮಲಗುತ್ತಿದ್ದ.

"ಹೆದರಬೇಡ ಕಣೋ," ಎಂದಳು ಅಕ್ಕ. "ಅಪ್ಪ ಅಲ್ಲ. ನಾನು. ನಿನ್ನಕ್ಕ."

ತೋಳಿನ ಸಂದಿಯಿಂದ ಅವನು ಒಂದು ಕಣ್ಣು ತೆರೆದು ನೋಡಿದ.

"ಗೊತ್ತು," ಎಂದ. ಗಂಟಲಿನಿಂದ ಮಾತು ಕಿತ್ತು ಬರುತ್ತಿತ್ತು. "ಅದಕ್ಕೇ."

ತೋಳು ಇಳಿಸಲಿಲ್ಲ.

ಅವನು ಬೈದಿದ್ದರೆ ಅಕ್ಕ ತಿರುಗಿ ಬೈಯಬಹುದಿತ್ತು, ಹೊಡೆದಿದ್ದರೆ ಹೊಡೆಸಿಕೊಳ್ಳಬಹುದಿತ್ತು. ಅವಳು ಎದ್ದು, ಉಸಿರು ಬಿಗಿಹಿಡಿದು ಐಸ್ ರೂಮಿಗೆ ಹೋಗಿ, ಕಡಿದ ಚೀಲಗಳ ನಡುವೆ ಬಿದ್ದಿದ್ದ ಮಚ್ಚನ್ನು ತಂದಳು. ಒಂದೇ ಕೈಯಲ್ಲಿ ಎತ್ತಿ ಚಿಲಕಕ್ಕೆ ಹೊಡೆದಳು. ಕಿಡಿ ಹಾರಿತು. ಮತ್ತೆ ಹೊಡೆದಳು. ಮಚ್ಚಿನ ಬಾಯಿ ಮುಕ್ಕಾಯಿತು, ಚಿಲಕ ಅಲ್ಲಾಡಲಿಲ್ಲ. ಅಳುತ್ತ ಹೊಡೆದಳು, ಬೈಯುತ್ತ ಹೊಡೆದಳು, ಬೈದದ್ದು ಅಪ್ಪನನ್ನೋ ತಮ್ಮನನ್ನೋ ತನ್ನನ್ನೋ, ಕೇಳಿದವರಿಗೆ ತಿಳಿಯುವಂತಿರಲಿಲ್ಲ.

"ಅಲ್ಲಲ್ಲ," ಎಂದ ನೆಲದ ಮೇಲೆ ಮಲಗಿದ್ದವನು. "ಕೀಲಿಗೆ ಹೊಡಿ."

ತಮ್ಮನ ಹೆಂಡತಿ ಬಂದು ಮಚ್ಚಿಗೆ ಕೈ ಹಾಕಿದಳು. "ನಿಮ್ಮ ಕೈ ಏಳ್ತಿಲ್ಲ ಅತ್ತಿಗೆ. ಇಲ್ಲಿ ಕೊಡಿ."

ಅವಳು ಎರಡೂ ಕೈಯಲ್ಲಿ ಮಚ್ಚು ಎತ್ತಿ, ಬಾಗಿಲು ಗೋಡೆಗೆ ಕೂಡುವ ಮೇಲಿನ ಕೀಲಿಗೆ ಹೊಡೆದಳು. ತುಕ್ಕು ಹಿಡಿದ ಮೊಳೆಗಳು ಸಡಿಲವಾದವು. ಹೊಡೆಯುವ ಮುಂಚೆ ಪ್ರತಿ ಸಲವೂ ಒಮ್ಮೆ ಗಂಡನ ಕಡೆ ನೋಡುತ್ತಿದ್ದಳು. ಮಚ್ಚು ಮೇಲೇಳುವುದನ್ನು ಕಂಡು ಪ್ರತಿ ಸಲವೂ ಅವನು ಬೆಚ್ಚಿಬೀಳುತ್ತಿದ್ದ. ಅದನ್ನು ನೋಡಿಯೂ ಅವಳು ನಿಲ್ಲಿಸಲಿಲ್ಲ. ಮೇಲಿನದು ಮುರಿದ ಮೇಲೆ ನಡುವಿನದು, ನಡುವಿನದಾದ ಮೇಲೆ ಕೆಳಗಿನದು. ಆಸ್ಪತ್ರೆಯವರು ಸ್ಟ್ರೆಚರು ಹಿಡಿದು ಓಣಿಯಿಂದ ಓಡಿ ಬರುವ ಹೊತ್ತಿಗೆ ಬಾಗಿಲು ಗೋಡೆ ಬಿಟ್ಟು, ತುಳಿದ ಅಣಬೆಗಳ ಮೇಲೆ ಅಂಗಾತ ಬಿತ್ತು. ಸದ್ದಿಗೆ ಬೀದಿಯ ಕಾಗೆಗಳೆಲ್ಲ ಎದ್ದವು.

"ಇವರು ಆಸ್ಪತ್ರೆಯಿಂದ ವಾಪಸ್ ಬರೋ ಹೊತ್ತಿಗೆ ನಾನು ಅತ್ತಿಗೆ ಮನೇಲಿರ್ತೀನಿ," ಎಂದು ತಮ್ಮನ ಹೆಂಡತಿ ಬಂದವರಿಗೆ ಹೇಳಿದಳು, ಯಾರೂ ಕೇಳದೆಯೇ. "ಬಟ್ಟೆಬರೆ ಈಗಲೇ ತಗೊಂಡು ಹೋಗ್ತೀನಿ." ಮಚ್ಚನ್ನು ಅವಳು ಕೆಳಗಿಡಲಿಲ್ಲ.

ಸ್ಟ್ರೆಚರು ಬಿಚ್ಚುವವರು ಬಿಚ್ಚುತ್ತಿದ್ದರು. ಅಕ್ಕ ಬಿದ್ದ ಬಾಗಿಲ ಪಕ್ಕ, ತಮ್ಮನ ತಲೆಯ ಹತ್ತಿರ ಕೂತಳು. ಉಗುರು ಕಿತ್ತ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಚಿ, ಗೆಣ್ಣಿನಿಂದ ತಗಡಿನ ಮೇಲೆ ಒಂದು ಸಲ ಬಡಿದಳು. ನಿಲ್ಲಿಸಿದಳು. ಎರಡು ಸಲ ಬಡಿದಳು.

ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ತೋಳು ತಲೆಯ ಮೇಲೇ ಇತ್ತು. ಅವಳು ಮತ್ತೆ ಬಡಿದಳು, ಉತ್ತರ ಬರುವ ತನಕ ಬಡಿಯುತ್ತಲೇ ಇರುವುದೆಂದು ಕೂತಳು.